ಹೇಳದೆ ಉಳಿದ ಎಂಟು ತಿಂಗಳು

ಮೇ 18, 2025, ಭಾನುವಾರ

ಹರ್ಷಿತಾಳ ತಂದೆ ಇವತ್ತು ಮಧ್ಯಾಹ್ನ ವಿಮಾನದಲ್ಲಿ ಬಂದಿಳಿದರು. ಇಂಗ್ಲಿಷ್ ಬಾರದವರೆಂದು ಅವರ ತಮ್ಮನ ಮಗ ಮದ್ದೂರಿನಿಂದಲೇ ವೀಲ್‌ಚೇರ್ ಬುಕ್ ಮಾಡಿಸಿದ್ದ. ಅವರು ಅದರಲ್ಲಿ ಕೂತಿರಲಿಲ್ಲ. ಕುರ್ಚಿಯ ಮೇಲೆ ತಮ್ಮ ಬ್ಯಾಗು ಇಟ್ಟು, ಅದನ್ನು ತಳ್ಳುವ ಹೆಂಗಸಿನ ಪಕ್ಕದಲ್ಲಿ ನಡೆದುಕೊಂಡೇ ಬಂದರು. ಎಪ್ಪತ್ತಮೂರು ವರ್ಷ. ಅಳಿಯನಾದ ನನ್ನನ್ನು ನೋಡಿ ತಲೆಯಾಡಿಸಿದರು, ಅಷ್ಟೆ.

ಫ್ರೀವೇ ಉದ್ದಕ್ಕೂ ಕಾರಿನ ಕಿಟಕಿಯಾಚೆ ನೋಡುತ್ತಿದ್ದರು. ಕ್ಯಾಂಪ್‌ಬೆಲ್ ಎಕ್ಸಿಟ್ ಬಂದಾಗ, "ಇಲ್ಲಿಗೆ ಮುಂಚೆ ಬಂದಿದ್ದೆ" ಅಂದರು. ಎಂಟು ವರ್ಷದ ಹಿಂದೆ ಅವಳ ತಾಯಿ ಕೆಂಪಮ್ಮನವರ ಜೊತೆ ಬಂದಿದ್ದರು. ಈಗ ಆ ತಾಯಿಯೂ ಇಲ್ಲ.

ಅಪಾರ್ಟ್‌ಮೆಂಟಿನ ಬಾಗಿಲು ತೆಗೆದ ಕೂಡಲೆ, "ಎಲ್ಲೈತೆ?" ಎಂದು ಕೇಳಿದರು. ಪುಸ್ತಕದ ಶೆಲ್ಫಿನ ಮೇಲಿದ್ದ ಮರದ ಪೆಟ್ಟಿಗೆ ತೋರಿಸಿದೆ. ಕೈಕಾಲು ತೊಳೆದು ಬಂದು ಅದನ್ನು ಇಳಿಸಿಕೊಂಡು ನೆಲದ ಮೇಲೆ ಕೂತರು. ಪೆಟ್ಟಿಗೆಗೆ ಅಂಟಿಸಿದ್ದ ಚೀಟಿಯ ಮೇಲೆ ಬೆರಳಾಡಿಸಿ, "ಇದು ಅವ್ಳ ಹೆಸ್ರಾ?" ಅಂದರು. ಹೌದು ಅಂದೆ. ಇಂಗ್ಲಿಷ್ ಅಕ್ಷರ ಒಂದೊಂದನ್ನೂ ಮುಟ್ಟಿದರು.

ಮಗಳ ಅಸ್ಥಿ ಒಯ್ದು ಶ್ರೀರಂಗಪಟ್ಟಣದಲ್ಲಿ ಬಿಡಲಿಕ್ಕೆ ಬಂದಿದ್ದಾರೆ. ವಾಪಸ್ ಟಿಕೆಟ್ ಇರುವುದು ಜುಲೈ ಆರಕ್ಕೆ. ಏಳು ವಾರ. ಏಳು ವಾರ ಈ ಮನುಷ್ಯನ ಜೊತೆ ನಾನು ಏನು ಮಾಡಲಿ.

ಮೇ 19

ಬೆಳಿಗ್ಗೆ ಕಾಫಿ ಕೊಟ್ಟೆ. ಕುಡಿಯಲಿಲ್ಲ. ಲೋಟ ತಣ್ಣಗಾಗುವ ತನಕ ಹಿಡಿದುಕೊಂಡಿದ್ದು, ಆಮೇಲೆ ಕೇಳಿದರು.

"ಎಂಟ್ ತಿಂಗ್ಳು. ಎಂಟ್ ತಿಂಗ್ಳು ನನ್ ಮಗ್ಳು ಸಾಯ್ತಾ ಇದ್ಲು. ನಂಗ್ಯಾಕ್ ಯೋಳ್ಲಿಲ್ಲ ನೀವು?"

"ಅವಳೇ ಬೇಡ ಅಂದಿದ್ಲು. ಅಮ್ಮ ಹೋಗಿ ಎರಡು ವರ್ಷ ಆಗಿಲ್ಲ, ಅಪ್ಪ ತಡ್ಕೊಳಲ್ಲ ಅಂದ್ಲು. ವಾಸಿಯಾದ ಮೇಲೆ ನಾನೇ ಹೇಳ್ತೀನಿ ಅಂತ ಆಣೆ ಹಾಕಿಸ್ಕೊಂಡ್ಲು."

"ವೀಸಾ ಇತ್ತು ನನ್ ತಾವ. ಅತ್ತು ವರ್ಸದ ವೀಸಾ. ಟಿಕೆಟ್ ತಗಂಡಿದ್ರೆ ಸಾಕಿತ್ತು."

ಪ್ರತಿ ಭಾನುವಾರ ವಿಡಿಯೊ ಕಾಲ್ ಮಾಡುವಾಗ ಅವಳು ಉಣ್ಣೆಯ ಟೋಪಿ ಹಾಕಿಕೊಳ್ಳುತ್ತಿದ್ದಳು, ಇಲ್ಲಿ ಚಳಿ ಅಪ್ಪ ಅನ್ನುತ್ತಿದ್ದಳು. ಸೆಪ್ಟೆಂಬರಿನ ಸೆಕೆಯಲ್ಲಿಯೂ.

ಅವಳೇ ಬೇಡ ಅಂದಿದ್ದು ನಿಜ. ಇದರಲ್ಲಿ ಸುಳ್ಳೇನೂ ಇಲ್ಲ.

ಮೇ 22

ಲಾಸ್ ಗ್ಯಾಟೋಸಿನ ಆಫೀಸಿಗೆ ಹೋಗಿ ಎಂಟು ಗಂಟೆ ಕೂತು ಬಂದೆ. ಅಲ್ಲಿ ಯಾರಿಗೂ ನನ್ನ ಜೊತೆ ಏನು ಮಾತಾಡಬೇಕೋ ಗೊತ್ತಿಲ್ಲ. ಇಲ್ಲೂ ಹಾಗೇ.

ಅಡುಗೆಮನೆಯಲ್ಲಿ ನಿಂತುಕೊಂಡೇ ಸೀರಿಯಲ್ ತಿಂದೆ. ಅವರು ಏನು ತಿಂದರೋ ಕೇಳಲಿಲ್ಲ.

ಮೇ 24, ಶನಿವಾರ

ನಾನು ಗ್ರೋಸರಿ ತರಲು ಹೋಗಿದ್ದಾಗ ಹರ್ಷಿತಾಳ ತಂದೆ ಅವಳ ಮೇಜಿನ ಮುಂದೆ ಕೂತು ಅವಳ ಡಬ್ಬಿಗಳನ್ನೆಲ್ಲ ತೆಗೆದಿದ್ದರು. ನನಗೆ ರೇಗಿತು. ಮಾರ್ಚ್ ತಿಂಗಳಿಂದ ಆ ಮೇಜನ್ನು ನಾನೇ ಮುಟ್ಟಿಲ್ಲ. ಸಣ್ಣ ಇಕ್ಕಳ, ದಾರದ ಉಂಡೆಗಳು, ಬಣ್ಣದ ಪುಕ್ಕಗಳು, ಜಿಂಕೆಯ ಕೂದಲು. ಮೀನು ಹಿಡಿಯಲಿಕ್ಕೆ ಅವಳು ಕಟ್ಟುತ್ತಿದ್ದ ಹುಸಿ ಹುಳಗಳು. ಆರು ವರ್ಷದಿಂದ ಅದೇ ಅವಳ ಹುಚ್ಚು. ಚಿಪ್ ಡಿಸೈನ್ ಮಾಡಿ ಮಾಡಿ ಕಣ್ಣು ಸೋತವಳು ಮನೆಗೆ ಬಂದು ಭೂತಗನ್ನಡಿ ಹಾಕಿಕೊಂಡು ಗಾಳದ ಕೊಕ್ಕೆಗೆ ಪುಕ್ಕ ಸುತ್ತುತ್ತಿದ್ದಳು. ಬೇಸಿಗೆಯಲ್ಲಿ ಶನಿವಾರ ಭಾನುವಾರ ಕೆರೆಗೆ ಹೋಗಿಬಿಡುವಳು. ನಾನು ಎರಡೇ ಸಲ ಹೋಗಿದ್ದು, ದಡದಲ್ಲಿ ಕೂತು ಲ್ಯಾಪ್‌ಟಾಪ್ ನೋಡಿದ್ದು. ನಮ್ಮ ಬಸವನಗುಡಿಯ ಮನೆಗೆ ಮೊಟ್ಟೆ ಕೂಡ ಬರುತ್ತಿರಲಿಲ್ಲ. ಹೆಂಡತಿ ಮೀನು ಹಿಡಿಯುವುದನ್ನು ನೋಡುತ್ತ ಕೂರಲು ನನಗಾಗಲಿಲ್ಲ.

ಅವರು ಒಂದು ಹುಳವನ್ನು ಅಂಗೈಮೇಲೆ ಇಟ್ಟುಕೊಂಡು ಬೆಳಕಿಗೆ ಹಿಡಿದಿದ್ದರು. ಪಾಚಿ ಬಣ್ಣದ್ದು, ದಪ್ಪ ಹೊಟ್ಟೆ, ಎದ್ದ ಕಣ್ಣು.

"ಇದು ಏರೋಪ್ಲೇನ್ ಚಿಟ್ಟೆ ಮರಿ" ಅಂದರು.

"ಹೌದು. ಡ್ರ್ಯಾಗನ್‌ಫ್ಲೈ. ನಿಮಗೆ ಹೇಗೆ ಗೊತ್ತು?"

"ನಾಲೆ ನಿಲ್ಸಿದಾಗ ಕೆಸ್ರಲ್ಲಿ ರಾಸಿ ಸಿಗವು." ಅವರು ನೀರಾವರಿ ಇಲಾಖೆಯಲ್ಲಿ ಸೌಡಿಯಾಗಿದ್ದವರು. ಮೂವತ್ತೈದು ವರ್ಷ ನಾಲೆಯ ತೂಬು ತೆಗೆದು ಮುಚ್ಚಿ, ಗದ್ದೆಗೆ ನೀರು ಬಿಡುವ ಕೆಲಸ. "ನೀರಲ್ಲೇ ವರ್ಸಗಟ್ಲೆ ಇರ್ತದೆ ಈ ಉಳ. ಆಮ್ಯಾಲೆ ಒಂದಿನ ಜೊಂಡು ಅತ್ತಿ, ಬೆನ್ನು ಒಡಕಂಡು ಈಚೆ ಬತ್ತದೆ. ಅವ್ಳಿಗೆ ಏಳು ವರ್ಸ ಇರ್ಬೇಕಾರೆ ತೋರ್ಸಿದ್ದೆ. ಬೆಳಗ್ಗೆಯಿಂದ ಮದ್ಯಾನದಗಂಟ ಕುಂತು ನೋಡಿದ್ಲು. ಸ್ಕೂಲಿಗೆ ವೋಗ್ಲಿಲ್ಲ."

ಇದನ್ನು ಅವಳು ನನಗೆ ಯಾವತ್ತೂ ಹೇಳಿರಲಿಲ್ಲ. ಕ್ಯಾಂಪ್‌ಬೆಲ್ಲಿನ ಕಮ್ಯುನಿಟಿ ಸೆಂಟರಿನ ಕ್ಲಾಸಿನಲ್ಲಿ ಕಲಿತಳು ಅಂದುಕೊಂಡಿದ್ದೆ.

ಮೇ 31

ಗೋಡೆಯ ಮೇಲಿನ ಫೋಟೊ ತೋರಿಸಿ ಅದು ಯಾವ ಕೆರೆ ಎಂದು ಕೇಳಿದರು. ಹರ್ಷಿತಾ ಸೊಂಟದ ಮಟ್ಟ ನೀರಲ್ಲಿ ನಿಂತು ಒಂದು ಟ್ರೌಟ್ ಮೀನನ್ನು ಎರಡೂ ಕೈಯಲ್ಲಿ ಹಿಡಿದಿದ್ದಾಳೆ. ಉತ್ತರಕ್ಕೆ ಬೆಟ್ಟದ ಮೇಲಿದೆ, ಐದು ಗಂಟೆ ಡ್ರೈವ್ ಎಂದೆ.

"ಕರ್ಕಂಡ್ ವೋಗಿ."

ಆಗುವುದಿಲ್ಲ ಅಂದೆ. ಆಫೀಸು, ಮೀನು ಹಿಡಿಯುವ ಲೈಸೆನ್ಸು, ನನಗೆ ಗಾಳದ ರಾಡು ಹಿಡಿಯಲೂ ಬರುವುದಿಲ್ಲ. ಕಾರಣಗಳು ಬಹಳ ಇದ್ದವು. ಅವರು ಎಲ್ಲವನ್ನೂ ಪೂರ್ತಿ ಕೇಳಿಸಿಕೊಂಡು, "ನಾನು ಅಳಿಯಂದ್ರತ್ರ ಇನ್ನೇನೂ ಕೇಳಿಲ್ಲ" ಅಂದರು.

ಜೂನ್ 3

ಮಲಗಲಿಲ್ಲ.

ಜೂನ್ 8, ಭಾನುವಾರ

ಮೈಥಿಲಿಗೆ ಫೋನ್ ಮಾಡಿದ್ದೆ. ಹರ್ಷಿತಾಳ ಕೆರೆಯ ಗೆಳತಿ, ಲಾಸ್ ಗ್ಯಾಟೋಸಿನಲ್ಲಿದ್ದಾರೆ, ಮೈಸೂರಿನವರು. ಐವತ್ತೈದಾಗಿದೆ, ಒಬ್ಬರೇ ಇರುತ್ತಾರೆ. ಅವರ ಬಳಿ ದೋಣಿ ಇದೆ. ಇವತ್ತು ರಾಡುಗಳನ್ನು ನೋಡಿಕೊಳ್ಳಲು ಮನೆಗೆ ಬಂದರು.

ಹರ್ಷಿತಾಳ ತಂದೆ ಪುಟ್ಟಸ್ವಾಮಿಯವರಿಗೆ ನಮಸ್ಕಾರ ಮಾಡಿ ಕೂತರು. ಚೆನ್ನಾಗಿಯೇ ಮಾತಾಡುತ್ತಿದ್ದರು. ಜೂನ್ ತಿಂಗಳಲ್ಲಿ ಆ ಕೆರೆಯಲ್ಲಿ ಡ್ಯಾಮ್ಸೆಲ್‌ಫ್ಲೈ ಹುಳಗಳು, ಅಂದರೆ ಏರೋಪ್ಲೇನ್ ಚಿಟ್ಟೆಯ ಸಣಕಲು ತಂಗಿಯರು, ಆಳದಿಂದ ಸಾವಿರಗಟ್ಟಲೆ ಹೊರಟು ಜೊಂಡಿನ ಕಡೆ ಈಜಿ ಬರುತ್ತವೆ. ಟ್ರೌಟ್‌ಗಳು ಆ ದಾರಿಯಲ್ಲಿ ಕಾಯುತ್ತಿರುತ್ತವೆ. ನಮ್ಮ ಹುಸಿ ಹುಳವೂ ಅದೇ ದಾರಿಯಲ್ಲಿ ಅದೇ ಥರ ಬಳುಕಿಕೊಂಡು ಬರಬೇಕು ಎಂದು ವಿವರಿಸಿದರು. ಆಮೇಲೆ ಸಲೀಸಾಗಿ ಅಂದುಬಿಟ್ಟರು.

"ಕೀಮೋ ಶುರುವಾದ ಮೇಲೂ ಎರಡು ಸಲ ಬಂದಿದ್ಲು ಸಾರ್. ದೋಣೀಲಿ ಕಂಬಳಿ ಹೊದ್ದು ಕೂತಿರ್ತಿದ್ಲು."

ಪುಟ್ಟಸ್ವಾಮಿಯವರು ಅವರ ಮುಖವನ್ನೇ ನೋಡಿದರು. "ಇವ್ರಿಗೂ ಗೊತ್ತಿತ್ತಾ?" ಕೇಳಿದ್ದು ನನ್ನನ್ನು.

ಅವರಿಗೆ ಯಾರೂ ಹೇಳಿರಲಿಲ್ಲವೆಂದು ಮೈಥಿಲಿಗೆ ಆಗ ಗೊತ್ತಾಯಿತು. ಕೈಯಲ್ಲಿದ್ದ ರೀಲನ್ನು ಮೆಲ್ಲಗೆ ಕೆಳಗಿಟ್ಟರು.

"ಇನ್ಯಾರ್ಯಾರ್‌ಗೆ ಗೊತ್ತಿತ್ತು?"

ಆಫೀಸಿನವರಿಗೆ ಗೊತ್ತಿತ್ತು. ಪಕ್ಕದ ಮನೆಯವರಿಗೆ ಗೊತ್ತಿತ್ತು. ಬೆಂಗಳೂರಿನಲ್ಲಿ ನಮ್ಮಮ್ಮನಿಗೂ ಗೊತ್ತಿತ್ತು. ಇದನ್ನು ಹೇಳಲಿಲ್ಲ, ಆದರೆ ಅವರು ನನ್ನ ಮುಖದಲ್ಲಿ ಓದಿಕೊಂಡರು ಅನಿಸುತ್ತದೆ. ಎದ್ದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ಮೈಥಿಲಿ ಅಡುಗೆಮನೆಯಲ್ಲಿ ಅತ್ತರು. ನಾನು ಅವರಿಗೆ ನೀರು ಕೊಟ್ಟೆ.

ಜೂನ್ 13

ಮೈಥಿಲಿ ಪಾರ್ಕಿನ ಹುಲ್ಲಿನ ಮೇಲೆ ನನಗೆ ದಾರ ಬೀಸಲು ಕಲಿಸುತ್ತಿದ್ದಾರೆ, ಈ ವಾರ ಮೂರು ಸಂಜೆ ಆಯಿತು. ಹಿಂದಕ್ಕೆ ಎಳೆದು, ದಾರ ಪೂರ್ತಿ ಚಾಚುವ ತನಕ ತಡೆದು, ಆಮೇಲೆ ಮುಂದಕ್ಕೆ. ತಡೆಯುವುದು ನನಗೆ ಬರುವುದಿಲ್ಲ.

ಪುಟ್ಟಸ್ವಾಮಿಯವರು ಬೆಂಚಿನ ಮೇಲೆ ಕೂತು ನೋಡುತ್ತಾರೆ. ಎದ್ದು ಹೋಗುವುದಿಲ್ಲ, ಮಾತೂ ಆಡುವುದಿಲ್ಲ. ಇವತ್ತು ಮನೆಗೆ ಬಂದವರೇ ಊರಿಂದ ತಂದಿದ್ದ ರಾಗಿಹಿಟ್ಟಿನಲ್ಲಿ ಮುದ್ದೆ ಮಾಡಿದರು. ಬಸ್ಸಾರಿಗೆ ಸೊಪ್ಪು ಸಾಲದು ಎಂದು ಗೊಣಗಿದರು. ಇಬ್ಬರಿಗೂ ತಟ್ಟೆ ಹಾಕಿದ್ದರು. ಕೂತು ಉಂಡೆ.

ಜೂನ್ 21, ಶನಿವಾರ, ಕೆರೆಯ ದಡದ ಮೋಟೆಲಿನಲ್ಲಿ

ಬೆಳಗ್ಗೆ ಬೇಗ ಹೊರಟು ಹನ್ನೊಂದಕ್ಕೆ ತಲುಪಿದೆವು. ಮೈಥಿಲಿ ತಮ್ಮ ಟ್ರಕ್ಕಿನ ಹಿಂದೆ ದೋಣಿ ಕಟ್ಟಿಕೊಂಡು ಬಂದಿದ್ದರು. ಸುತ್ತ ಪೈನ್ ಮರಗಳು, ಅರ್ಧದಷ್ಟು ಸುಟ್ಟು ಕಪ್ಪಾಗಿ ನಿಂತವು. ನಾಲ್ಕು ವರ್ಷದ ಹಿಂದಿನ ಕಾಡ್ಗಿಚ್ಚಂತೆ. ಫೋಟೊದಲ್ಲಿ ಅವು ಕಾಣುವುದಿಲ್ಲ.

ಮಾವ ದೋಣಿ ಹತ್ತುವ ಮೊದಲು ನೀರಿಗೆ ಕೈ ಅದ್ದಿ ನೋಡಿ, "ಬೆಚ್ಚಗೈತೆ" ಅಂದರು. ಮೈಥಿಲಿಯೂ ಥರ್ಮಾಮೀಟರ್ ಇಳಿಬಿಟ್ಟು ನೋಡಿ ಮುಖ ಸಿಂಡರಿಸಿದರು. ಟ್ರೌಟ್ ತಣ್ಣೀರಿನ ಮೀನು. ನೀರು ಕಾದರೆ ಅದಕ್ಕೆ ಉಸಿರು ಸಾಲುವುದಿಲ್ಲ, ಹಿಡಿದು ಬಿಟ್ಟರೆ ಚೇತರಿಸಿಕೊಳ್ಳುವುದಿಲ್ಲ. "ಒಂದು ಗಂಟೆ ಗಾಳ ಹಾಕಿ ನಿಲ್ಲಿಸೋಣ, ನಾಳೆ ಬೆಳಗ್ಗೆ ತಣ್ಣಗಿರುತ್ತೆ" ಅಂದರು.

ಹರ್ಷಿತಾ ಕಟ್ಟಿದ ಸಣಕಲು ಹಸಿರು ಹುಳವನ್ನು ದಾರಕ್ಕೆ ಗಂಟು ಹಾಕಿಕೊಟ್ಟರು. ಆಳದ ಕಡೆ ಬೀಸಿ ಜೊಂಡಿನ ಕಡೆ ಎಳೆದುಕೊಂಡೆ, ಚೂರುಚೂರು, ನಡುನಡುವೆ ನಿಲ್ಲಿಸಿ. ನಲವತ್ತು ನಿಮಿಷ ಏನೂ ಇಲ್ಲ. ಆಮೇಲೆ ಒಮ್ಮೆ ನಿಲ್ಲಿಸಿದಾಗ ದಾರ ತಾನಾಗಿ ಬಿಗಿಯಾಯಿತು. ಅದು ಹೇಗಿತ್ತೆಂದು ಬರೆಯಲು ನನಗೆ ಬರುವುದಿಲ್ಲ. ತೋಳಿನ ತನಕ ಜೀವದ ಅದುರು. ನಾನು ಗಾಬರಿಯಲ್ಲಿ ಅದನ್ನು ಬಹಳ ಹೊತ್ತು ಎಳೆದಾಡಿಸಿದೆ. ಬಲೆಗೆ ಬಂದಾಗ ನನ್ನ ಮೊಳಕೈ ಉದ್ದದ ಮೀನು, ಪಕ್ಕೆಯ ಮೇಲೆ ಗುಲಾಬಿ ಪಟ್ಟೆ, ಬಾಯಿ ತೆರೆದು ಮುಚ್ಚುತ್ತಿತ್ತು. ಮೈಥಿಲಿ ಕೊಕ್ಕೆ ಬಿಡಿಸಿ, ಅದನ್ನು ನೀರಲ್ಲಿ ನೆಟ್ಟಗೆ ಹಿಡಿದು, ಮೆಲ್ಲಗೆ ಬಿಟ್ಟರು. ಅದು ಸ್ವಲ್ಪ ದೂರ ಹೋಗಿ ವಾಲಿತು. ಹೊಟ್ಟೆ ಮೇಲಾಯಿತು. ಮತ್ತೆ ಹಿಡಿದು ನೆಟ್ಟಗೆ ಮಾಡಿ ಹತ್ತು ನಿಮಿಷ ನೀರಲ್ಲಿ ಹಿಂದೆ ಮುಂದೆ ಆಡಿಸಿದರೂ ಚೇತರಿಸಿಕೊಳ್ಳಲಿಲ್ಲ.

"ಬುಡಾಕೆ ಅಂತ್ಲೇ ಇಡಿಯೋದಾ?" ಮಾವ ಕೇಳಿದರು.

"ಹೌದು ಸಾರ್. ನಾವು ಯಾರೂ ಕೊಲ್ಲಲ್ಲ."

"ಕೊಂದ್ರಲ್ಲ."

ಮಾವ ಬಲೆ ಇಸಿದುಕೊಂಡು ತೇಲುತ್ತಿದ್ದ ಮೀನನ್ನು ಎತ್ತಿದರು. "ಉಳ್ಯಾಕಿಲ್ಲ ಅಂತ ಗೊತ್ತಾದ್ಮ್ಯಾಲೆ ಬುಟ್ಟು ಕೈ ತೊಳ್ಕಂಡ್ರೆ ಏನ್ ಬಂತು? ತಿನ್ನಬೇಕು. ಇಲ್ದಿದ್ರೆ ಇಡೀಲೇಬಾರ್ದು."

ಸಂಜೆ ಮೋಟೆಲಿನ ಹಿಂದಿನ ಗ್ರಿಲ್ಲಿನ ಮೇಲೆ ಅದನ್ನು ಉಪ್ಪು ಖಾರದ ಪುಡಿ ಸವರಿ ಸುಟ್ಟರು. ಮೈಥಿಲಿ ಒಂದು ಚೂರು ತಿಂದರು. ನಾನು ಬ್ರೆಡ್ ತಿಂದೆ. ಅವರು ಮುಳ್ಳನ್ನೆಲ್ಲ ಒಂದು ಕಡೆ ಸಾಲಾಗಿ ಇಟ್ಟು, ನಿಧಾನವಾಗಿ, ಒಂದು ಎಸಳನ್ನೂ ಬಿಡದೆ ತಿಂದರು. "ಸಪ್ಪೆ" ಅಂದರು.

ಜೂನ್ 22, ಭಾನುವಾರ

ಇದನ್ನು ಬರೆಯಬೇಕು. ಕೈ ಬರುತ್ತಿಲ್ಲ.

ಬೆಳಗ್ಗೆ ನೀರು ತಣ್ಣಗಿತ್ತು. ಮೈಥಿಲಿ ದಡದಿಂದಲೇ ಗಾಳ ಹಾಕುತ್ತೇನೆ, ದೋಣಿ ನೀವಿಬ್ಬರೇ ತೆಗೆದುಕೊಂಡು ಹೋಗಿ ಅಂದರು. ಹುಟ್ಟು ಹಾಕಿದ್ದು ಮಾವನೇ. ಜೊಂಡಿನ ಅಂಚಿಗೆ ಒಂದು ಜಾಗ ನೋಡಿ, "ಇಲ್ಲಿ ಕೆಳಗಡೆ ಅಳೇ ತೊರೆಯ ಅಳ್ಳ ಐತೆ, ಮೀನು ಇಲ್ಲೇ ತಿರುಗಾಡ್ತವೆ" ಎಂದು ಲಂಗರು ಹಾಕಿದರು. ಹೇಗೆ ಗೊತ್ತಾಯಿತೋ. ಎಂಟೂವರೆಯ ಹೊತ್ತಿಗೆ ಹುಳಗಳು ಶುರುವಾದವು. ನೀರಿನ ಮೇಲ್ಮೈಗೆ ಒಂದು ಗೇಣು ಕೆಳಗೆ, ಸೂಜಿಯಷ್ಟು ಸಣ್ಣವು, ಬಳುಕುತ್ತ ಬಳುಕುತ್ತ ನೂರಾರು. ಕೆಲವು ನಮ್ಮ ದೋಣಿಯನ್ನೇ ದಡವೆಂದು ತಿಳಿದು ಹತ್ತಿದವು. ಮಾವನ ಪ್ಯಾಂಟಿನ ಮೇಲೂ ಒಂದು ಹತ್ತಿ, ಮಂಡಿಯ ಹತ್ತಿರ ಕಾಲೂರಿ ನಿಂತಿತು. ಅವರು ಆ ಕಾಲು ಅಲುಗಿಸಲಿಲ್ಲ. ಅರ್ಧ ಗಂಟೆ. ಅದರ ಬೆನ್ನು ಸೀಳಿತು, ಒಳಗಿನಿಂದ ಬಿಳಿಚಿದ ಮೆತ್ತನೆಯದೊಂದು ಈಚೆ ಬಂತು, ರೆಕ್ಕೆ ಮುದುರಿದ್ದವು.

ನಾನು ರಾಡು ಕೆಳಗಿಟ್ಟಿದ್ದೆ.

ಅವರು ಅದನ್ನೇ ನೋಡುತ್ತ, ತಲೆಯೆತ್ತದೆ ಹೇಳಿದರು. "ಅವ್ಳು ಅಟಮಾರಿ. ಅವ್ರವ್ವನಂಗೆ. ಬ್ಯಾಡ ಅಂದ್ರೆ ಬ್ಯಾಡ. ನೀವಾರ ಏನ್ ಮಾಡೀರಿ. ಸುಮ್ನೆ ನಿಮ್ಮನ್ನ ಬೈಕಂಡೆ ಇಷ್ಟ್ ದಿನ. ಮನ್ಸಿಗೆ ಮಡಿಕಬ್ಯಾಡಿ."

ಅವರು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಐದು ವಾರ ತಡೆದುಕೊಂಡಿದ್ದೆ. ಇದು ಆಗಲಿಲ್ಲ.

"ಕೊನೇಲಿ ಕರೆಸು ಅಂದಿದ್ಲು" ಅಂದೆ.

ಅವರು ತಲೆ ಎತ್ತಿದರು.

"ಮಾರ್ಚ್ ಆರನೇ ತಾರೀಕು, ಗುರುವಾರ. ಅಪ್ಪನ್ನ ಕರೆಸು ಅಂದ್ಲು. ಜ್ವರ ಇಳೀಲಿ, ಸೋಮವಾರ ಫೋನ್ ಮಾಡ್ತೀನಿ ಅಂದೆ ನಾನು. ಭಾನುವಾರ ಹೋಗ್ಬಿಟ್ಲು."

ಅದು ಪೂರ್ತಿ ನಿಜವಲ್ಲ, ಆದ್ದರಿಂದ ಉಳಿದದ್ದನ್ನೂ ಹೇಳಿದೆ. ಜ್ವರ ಒಂದು ನೆಪ ಅಷ್ಟೇ. ಅವರನ್ನು ಕರೆಸಿದರೆ ಅವಳು ಸಾಯುತ್ತಾಳೆ ಎಂದು ನಾನು ಒಪ್ಪಿಕೊಂಡಂತೆ. ಮತ್ತೆ ಅವರ ಮುಖ ನೋಡಲು ಭಯ. ಬಾಗಿಲಲ್ಲಿ ನಿಂತು, ಎಂಟು ತಿಂಗಳು ಯಾಕೆ ಹೇಳಲಿಲ್ಲ ಎಂದು ಅವರು ಕೇಳಿದರೆ, ಅವಳ ಮುಂದೆಯೇ ಕೇಳಿದರೆ ಏನು ಹೇಳಲಿ ಎಂದು. ಗುರುವಾರವೇ ಫೋನ್ ಮಾಡಿದ್ದರೆ ಶನಿವಾರ ಇಲ್ಲಿರುತ್ತಿದ್ದರು.

ಅವರ ಕಾಲ ಮೇಲಿದ್ದ ಹುಳ ರೆಕ್ಕೆ ಬಿಚ್ಚಿಕೊಂಡು, ಬಿಸಿಲಿಗೆ ಗಟ್ಟಿಯಾಗಿ, ಹಾರಿ ಹೋಯಿತು. ಅವರು ಅದನ್ನು ನೋಡಲಿಲ್ಲ. ಲಂಗರು ಎತ್ತಿ ದಡಕ್ಕೆ ಹುಟ್ಟು ಹಾಕಿದರು. ಇಳಿದು ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಕೂತರು. ಮೈಥಿಲಿ ಏನಾಯಿತು ಎಂದು ಕೇಳಿದಾಗ ನಾನು ಕಾರಿನ ಬಾಗಿಲು ತೆಗೆದು ಸ್ಟೀರಿಂಗ್ ಮುಂದೆ ಕೂತೆ.

ಐದು ಗಂಟೆ ಡ್ರೈವ್ ಮಾಡಿದೆ. ಕನ್ನಡಿಯಲ್ಲಿ ಅವರ ಕೈ ಮಾತ್ರ ಕಾಣುತ್ತಿತ್ತು.

ಜೂನ್ 25

ಮೂರು ದಿನವಾಯಿತು. ಒಬ್ಬರಿಗೇ ಮುದ್ದೆ ಮಾಡಿಕೊಳ್ಳುತ್ತಾರೆ, ಒಂದೇ ತಟ್ಟೆ ತೊಳೆದಿಡುತ್ತಾರೆ. ನಾನು ಬಂದರೆ ಎದ್ದು ಹೋಗುತ್ತಾರೆ. ಅವರು ಕೂಗಾಡಲಿ ಅನಿಸುತ್ತದೆ.

ಜೂನ್ 27

ಆಫೀಸಿನಿಂದ ಬೇಗ ಬಂದೆ. ಮನೆಯಲ್ಲಿ ಅವರು ಇರಲಿಲ್ಲ. ಲಾಂಡ್ರಿ ರೂಮು, ಪಾರ್ಕಿಂಗು, ಬಸ್ ಸ್ಟಾಪು ಎಲ್ಲ ಹುಡುಕಿದೆ. ಪಾರ್ಕಿನ ಆಚೆಯ ತೊರೆಯ ಪಕ್ಕದ ದಾರಿಯಲ್ಲಿ ಬೇಲಿ ಹಿಡಿದು ನಿಂತಿದ್ದರು, ನೀರು ನೋಡುತ್ತ. ನನ್ನನ್ನು ನೋಡಿ ಮನೆಯ ಕಡೆ ನಡೆಯತೊಡಗಿದರು. ಹತ್ತು ಹೆಜ್ಜೆ ಹಿಂದೆ ನಾನೂ ನಡೆದೆ. ಮನೆಯ ತನಕ ಹಾಗೇ.

ಜೂನ್ 29, ಭಾನುವಾರ

ಬೆಳಗ್ಗೆ ಬಾಲ್ಕನಿಯಲ್ಲಿ ಕೂತಿದ್ದವರು ಕರೆದರು.

"ಸನಿವಾರ ನಾನ್ ಫೋನ್ ಮಾಡಿದ್ದೆ. ಮಾರ್ಚಿ ಎಂಟ್ನೇ ತಾರೀಕು."

"ಹೌದು."

"ಮಲಗವ್ಳೆ ಅಂದೆ ನೀನು."

"ಮಲಗಿದ್ಲು. ಎಬ್ಬಿಸಬಹುದಿತ್ತು."

"ಎಬ್ಸಿದ್ರೆ ಮಾತಾಡ್ತಿದ್ಲಾ?"

"ಎರಡು ಮಾತು ಆಡ್ತಿದ್ಲು."

ಅವರು ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ಬಾಲ್ಕನಿಯ ಬಾಗಿಲಲ್ಲಿ ನಿಂತೇ ಇದ್ದೆ. ಹೋಗು ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ಭುಜ ಅಲುಗುವುದು ನಿಂತ ಮೇಲೆ ನಾನು ಒಳಗೆ ಬಂದು ಅನ್ನಕ್ಕಿಟ್ಟೆ. ಇಬ್ಬರಿಗೆ ಆಗುವಷ್ಟು.

ಜುಲೈ 3

ನಿದ್ದೆ ಬರದೆ ಬೆಳಗ್ಗೆ ಐದಕ್ಕೆ ಎದ್ದು ಹರ್ಷಿತಾಳ ಮೇಜಿನ ಮುಂದೆ ಕೂತೆ. ಅವಳ ಇಕ್ಕಳಕ್ಕೆ ಒಂದು ಕೊಕ್ಕೆ ಸಿಕ್ಕಿಸಿ, ಡಬ್ಬಿಯಲ್ಲಿದ್ದ ಡ್ರ್ಯಾಗನ್‌ಫ್ಲೈ ಹುಳವನ್ನು ನೋಡಿಕೊಂಡು ಅದೇ ಥರ ಕಟ್ಟಲು ಹೊರಟೆ. ದಾರ ಎರಡು ಸಲ ತುಂಡಾಯಿತು. ಮೂರನೆಯದು ಹುಳಕ್ಕಿಂತ ಕಡ್ಡಿಯ ಹಾಗೆ ಕಾಣುತ್ತಿತ್ತು. ಹಿಂದೆ ಯಾರೋ ನಿಂತ ಹಾಗಾಯಿತು. ಮಾವ.

ತುಂಬಾ ಹೊತ್ತು ನೋಡಿ, "ಒಟ್ಟೆ ಇನ್ನಾ ದಪ್ಪ ಇರ್ಬೇಕು" ಅಂದರು.

ಬಿಚ್ಚಿ ಮತ್ತೆ ಸುತ್ತಿದೆ.

"ಇನ್ನಾ."

ಮತ್ತೆ ಸುತ್ತಿದೆ. ಆಫೀಸಿಗೆ ಹೊತ್ತಾಗುವ ತನಕ ಕೂತಿದ್ದೆವು. ಸರಿಯಾಗಲಿಲ್ಲ.

ಜುಲೈ 6, ಭಾನುವಾರ

ಮರದ ಪೆಟ್ಟಿಗೆಯನ್ನು ಬಿಳಿ ಪಂಚೆಯಲ್ಲಿ ಸುತ್ತಿ ಕೈಚೀಲದಲ್ಲಿ ಇಟ್ಟುಕೊಂಡರು. ಕ್ರಿಮೆಟೋರಿಯಮಿನ ಸರ್ಟಿಫಿಕೇಟು, ಕಾನ್ಸುಲೇಟಿನ ಪತ್ರ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟು, ಯಾರಾದರೂ ತಡೆದರೆ ಇದನ್ನು ತೋರಿಸಿ ಅಂದೆ. ಈ ಸಲ ವೀಲ್‌ಚೇರ್ ಬೇಡ ಎನ್ನಲಿಲ್ಲ. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು.

ಸೆಕ್ಯುರಿಟಿ ಸಾಲಿನ ಹತ್ತಿರ ನಾನು ಬಗ್ಗಿ ಅವರ ಕಾಲು ಮುಟ್ಟಿದೆ. ಏನಾದರೂ ಅನ್ನಬೇಕು ಅನಿಸಿ ಬಾಯಿ ತೆರೆದೆ.

"ಕ್ಸಮೆ ಕೇಳಬ್ಯಾಡ" ಅಂದರು. "ಅದು ನನ್ ತಾವ ಇಲ್ಲ. ಇದ್ದಿದ್ರೆ ಕೊಡ್ತಿದ್ದೆ."

ಕುರ್ಚಿ ತಳ್ಳುವವನಿಗೆ ಕೈಸನ್ನೆ ಮಾಡಿದರು.

ಜುಲೈ 13

ಫೋನ್ ಬಂತು. ಶ್ರೀರಂಗಪಟ್ಟಣದಲ್ಲಿ ಅಸ್ಥಿ ಬಿಟ್ಟಾಯಿತಂತೆ. "ನೀರು ಜೋರಾಗಿತ್ತು. ತಕ್ಸಣ ವೊಂಟೋಯ್ತು" ಅಂದರು. ಊಟ ಆಯಿತಾ ಎಂದು ನಾನು ಕೇಳುವಷ್ಟರಲ್ಲಿ ಇಟ್ಟುಬಿಟ್ಟಿದ್ದರು.

ಜುಲೈ 20, ಭಾನುವಾರ

ಬೆಳಗ್ಗೆ ಎಂಟಕ್ಕೆ ಫೋನ್. ಅಲ್ಲಿ ರಾತ್ರಿ ಊಟದ ಹೊತ್ತು.

"ಗುರುವಾರ ಅವ್ಳು ಏನಂದ್ಲು?"

"ನಿಮ್ಮನ್ನ ಕರೆಸು ಅಂದ್ಲು."

"ಅಂಗಲ್ಲ. ಅವ್ಳು ಎಂಗಂದ್ಲೋ ಅಂಗೇ ಯೋಳು."

ಆ ಮಾತುಗಳನ್ನು ನಾನು ಮಾರ್ಚ್ ತಿಂಗಳಿಂದ ಬಾಯಿಬಿಟ್ಟು ಆಡಿರಲಿಲ್ಲ, ಇಲ್ಲೂ ಬರೆದಿರಲಿಲ್ಲ. ಹೇಳಿದೆ. "ಮಧು, ಅಪ್ಪನ್ನ ಕರೆಸು. ಏನೂ ವಿವರಿಸ್ಬೇಡ. ಬಾ ಅಂದ್ರೆ ಸಾಕು, ಬರ್ತಾರೆ."

ಲೈನ್ ಕಟ್ಟಾಯಿತೇನೋ ಅಂದುಕೊಂಡೆ.

"ಬತ್ತಿದ್ದೆ" ಅಂದರು. ಸ್ವಲ್ಪ ಹೊತ್ತಾದ ಮೇಲೆ, "ಇನ್ನೊಂದ್ ಸಲ ಯೋಳು."

ಇನ್ನೊಂದು ಸಲ ಹೇಳಿದೆ. ಆಮೇಲೆ ಅವರು, "ಈಗ ಮೊದ್ಲಿಂದ ಯೋಳು. ಗೊತ್ತಾಗಿದ್ದು ಯಾವತ್ತು?" ಅಂದರು.

"ಹೋದ ವರ್ಷ ಜುಲೈ ಹನ್ನೊಂದು."

"ಅವತ್ತೇನೇನಾಯ್ತು, ಒಂದೂ ಬುಡಬ್ಯಾಡ."

ಒಂದೂವರೆ ಗಂಟೆ ಮಾತಾಡಿದೆ. ಜುಲೈ ಹದಿನೈದರ ತನಕ ಬಂದೆವು. "ಸಾಕು ಇವತ್ತಿಗೆ" ಎಂದು ಇಟ್ಟರು.

ಆಗಸ್ಟ್ 10

ಪ್ರತಿ ಭಾನುವಾರ ಎಂಟಕ್ಕೆ ಮಾಡುತ್ತಾರೆ. ಯಾವ ಔಷಧಿ, ಯಾವ ನರ್ಸು, ಸೂಜಿ ಚುಚ್ಚಿದ್ದು ಯಾವ ಕೈಗೆ, ಕೂದಲು ಉದುರಿದಾಗ ಅತ್ತಳಾ, ಟೋಪಿಯನ್ನು ಅಂಗಡಿಯಲ್ಲಿ ಕೊಂಡಿದ್ದಾ ಹೆಣೆದಿದ್ದಾ. ಬೈಯುವುದಿಲ್ಲ. ಸಮಾಧಾನದ ಮಾತೂ ಇಲ್ಲ. ನಾನು ಏನನ್ನಾದರೂ ಹಾರಿಸಿದರೆ ಅವರಿಗೆ ಗೊತ್ತಾಗುತ್ತದೆ, ಹಿಂದಕ್ಕೆ ಕರೆದುಕೊಂಡು ಹೋಗುತ್ತಾರೆ.

ಶನಿವಾರ ಸಂಜೆ ಕೂತು ಹಳೆಯ ಮೆಸೇಜುಗಳು, ಆಸ್ಪತ್ರೆಯ ಅಪಾಯಿಂಟ್‌ಮೆಂಟುಗಳು, ಅವಳು ಕೆರೆಗೆ ಹೋದ ದಿನ ನೀರಿನ ತಾಪ ಗುರುತು ಹಾಕಿಕೊಳ್ಳುತ್ತಿದ್ದ ನೋಟ್‌ಬುಕ್ಕು ಎಲ್ಲ ನೋಡಿ ತಾರೀಕು ಹೊಂದಿಸಿಕೊಳ್ಳುತ್ತೇನೆ. ತಪ್ಪಬಾರದು. ಮೈಥಿಲಿ ಈ ಶನಿವಾರ ಕೆರೆಗೆ ಕರೆದರು. ಬರಲಾಗುವುದಿಲ್ಲ, ಮಾವನ ಕೆಲಸವಿದೆ ಅಂದೆ.

ಆಗಸ್ಟ್ 31, ಭಾನುವಾರ

ಇವತ್ತು ಸೆಪ್ಟೆಂಬರ್ ಹದಿನಾಲ್ಕಕ್ಕೆ ಬಂದೆವು. ಎರಡನೆಯ ಕೀಮೋ ಆದ ಮಾರನೆಯ ದಿನ. ಬೆಳಗ್ಗೆಯಿಂದ ವಾಂತಿಯಾಗಿದ್ದು, ಸ್ನಾನದ ಮನೆಯ ನೆಲದ ಮೇಲೆ ಅವಳು ಮಲಗಿಬಿಟ್ಟಿದ್ದು, ನಾನು ಪಕ್ಕದಲ್ಲಿ ಕೂತು ಬೆನ್ನು ಸವರಿದ್ದು ಹೇಳಿದೆ.

"ಅವತ್ತೇನ್ ಉಂಡ್ಲು?"

ನೆನಪಿಲ್ಲ ಅಂದೆ.

"ನೆನಪ್ ಮಾಡ್ಕ. ಕಾಯ್ತೀನಿ."

ಅವರು ಫೋನ್ ಇಡಲಿಲ್ಲ. ಆ ಕಡೆ ದೂರದಲ್ಲಿ ಎಲ್ಲೋ ಪಂಪ್‌ಸೆಟ್ಟಿನ ಸದ್ದು, ಅವರ ಉಸಿರು. ನಾನು ಅಡುಗೆಮನೆಗೆ ಹೋಗಿ ನಿಂತೆ, ಅವತ್ತು ನಿಂತ ಹಾಗೇ. ಬೀರು ತೆರೆದೆ. ಯಾವ ಪಾತ್ರೆ ತೆಗೆದಿದ್ದೆ, ಒಲೆಯ ಯಾವ ಬರ್ನರ್ ಹಚ್ಚಿದ್ದೆ. ಐದು ನಿಮಿಷವಾಗಿರಬೇಕು, ಹತ್ತೂ ಆಗಿರಬಹುದು.

"ಅವಲಕ್ಕಿ" ಅಂದೆ. "ಮೊಸರಲ್ಲಿ ನೆನೆಸಿದ ಅವಲಕ್ಕಿ. ಸಂಜೆ ನಾಲ್ಕಕ್ಕೆ. ಎರಡು ಚಮಚ ತಿಂದ್ಲು. ಮೂರನೇದು ನೀನು ತಿನ್ನು ಅಂದ್ಲು."

"ತಿಂದ್ಯಾ?"

"ತಿಂದೆ."

"ಹ್ಞೂ" ಅಂದರು.

"ಆಮ್ಯಾಲೆ?"